ಹತ್ತೂವರೆ ಅಂಗುಲದ ಚಳಿಗಾಲ

ಟೊರಾಂಟೋ ಮಹಾನಗರದ ವಾಯವ್ಯಕ್ಕೆ, ಹಂಬರ್ ನದಿಯ ಕಣಿವೆಯ ಮೇಲೆ, ಕ್ಲೈನ್‌ಬರ್ಗ್ ಎಂಬ ಸಣ್ಣ ಊರೊಂದಿದೆ. ಕೆನಡಾ ದೇಶದ ನಿಸರ್ಗಚಿತ್ರಕಾರರ ಕೃತಿಗಳನ್ನು ಅಲ್ಲಿಯ ಮೆಕ್‌ಮೈಕಲ್ ಚಿತ್ರಶಾಲೆಯಲ್ಲಿ ಸಂಗ್ರಹಿಸಿಟ್ಟಿರುವರೆಂಬುದನ್ನು ಬಹುಕಾಲದಿಂದ ಕೇಳಿ ಬಲ್ಲವನಾದುದರಿಂದ, ಫೆಬ್ರವರಿಯ ಕೊನೆಯಲ್ಲಿ ನನ್ನ ತಮ್ಮನ ಮಗಳ ಮನೆಗೆ ಹೋದಾಗ ಎಲ್ಲಕ್ಕಿಂತ ಮೊದಲು ನೋಡಬಯಸಿದುದು ಆ ಚಿತ್ರಶಾಲೆಯನ್ನೇ. ದೊಡ್ಡ ಕ್ಯಾನ್ವಾಸುಗಳು ನೋಟಕರನ್ನು ತಾವಾಗಿಯೇ ತಮ್ಮೆಡೆಗೆ ಕರೆದುಕೊಳ್ಳುತ್ತವೆ. ಆದರೆ ಅವುಗಳಿಂದ ತುಸು ದೂರದಲ್ಲಿ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ, 8½ ಅಂಗುಲ ಎತ್ತರ 10½ ಅಂಗುಲ ಅಗಲದ ತೆಳು ಮರದ ಹಲಗೆಗಳ ಮೇಲೆ ಬರೆದ ತೈಲಚಿತ್ರಗಳ ಮುಂದೆ ನಿಂತ ಮೇಲೆ, ಅಲ್ಲಿಂದ ಕದಲುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಎರಡು ಅಂಗೈಗಳನ್ನು ಹರಡಿದರೆ ಮುಚ್ಚಿಹೋಗುವಷ್ಟು ಸ್ಥಳದಲ್ಲಿ ಕಾಡು, ಕೆರೆ, ಆಗಸ, ಅವೆಲ್ಲದರ ಮೇಲೆ ಆಗತಾನೆ ಬಿದ್ದ ಹಿಮ. ಇಷ್ಟೆಲ್ಲ ಇದ್ದೂ ಯಾವುದೊಂದೂ ಇಕ್ಕಟ್ಟಿನಲ್ಲಿ ಸಿಲುಕಿದಂತೆ ತೋರದು. ಸಮೀಪಕ್ಕೆ ಹೋಗಿ ನೋಡಿದರೆ ಅಲ್ಲಿರುವುದು ಕಿರುಬೆರಳಿನಗಲದ ಕುಂಚದ ಮೂವತ್ತು ನಲವತ್ತು ಸ್ಪರ್ಶಗಳು ಮಾತ್ರ; ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರೆ ಅವೇ ಒಂದು ಉತ್ತರದೇಶದ ಮುಂಜಾನೆಯಾಗಿ ನಿಲ್ಲುತ್ತವೆ.

ಅವುಗಳಲ್ಲಿ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದವು ಟಾಮ್ ಥಾಮ್ಸನ್ನನವು. 1877ರಲ್ಲಿ ಹುಟ್ಟಿದ ಈತ ಟೊರಾಂಟೋದ ಗ್ರಿಪ್ ಎಂಬ ವಾಣಿಜ್ಯಕಲಾ ಸಂಸ್ಥೆಯಲ್ಲಿ ಅಕ್ಷರಗಳನ್ನೂ ಅಲಂಕಾರಗಳನ್ನೂ ಬರೆದು ಜೀವಿಸುತ್ತಿದ್ದವನು. 1912ರಲ್ಲಿ ಮೊದಲ ಬಾರಿಗೆ ಅಲ್ಗಾಂಕ್ವಿನ್ ಅರಣ್ಯಕ್ಕೆ ಹೋದವನು. 1917ರ ಜುಲೈಯಲ್ಲಿ ಅದೇ ಅರಣ್ಯದ ಕನೂ ಸರೋವರದಲ್ಲಿ ಪ್ರಾಣ ನೀಗಿದವನು. ಆತನ ಚಿತ್ರಜೀವನವೆಂಬುದೆಲ್ಲ ಆ ಐದು ವರ್ಷಗಳಲ್ಲಿ ಅಡಕವಾಗಿದೆ. ಆತನ ಗೆಳೆಯರಾದ ಲಾರೆನ್ ಹ್ಯಾರಿಸ್, ಜೆ. ಇ. ಎಚ್. ಮ್ಯಾಕ್‌ಡೊನಾಲ್ಡ್, ಎ. ವೈ. ಜ್ಯಾಕ್ಸನ್ ಮೊದಲಾದವರು 1920ರಲ್ಲಿ ‘ಗ್ರೂಪ್ ಆಫ್ ಸೆವೆನ್’ ಎಂಬ ಹೆಸರಿನಿಂದ ಒಂದುಗೂಡಿ ತಮ್ಮ ದೇಶದ ಚಿತ್ರಕಲೆಗೆ ಹೊಸ ದಾರಿ ತೋರಿದರು. ಅದಕ್ಕೂ ಮೊದಲು, 1913ರ ಜನವರಿಯಲ್ಲಿ, ಹ್ಯಾರಿಸ್ ಮತ್ತು ಮ್ಯಾಕ್‌ಡೊನಾಲ್ಡ್ ಇಬ್ಬರೂ ಗಡಿಯಾಚೆಯ ಬಫಲೋ ನಗರಕ್ಕೆ ಹೋಗಿ ಸ್ಕ್ಯಾಂಡಿನೇವಿಯದ ಚಿತ್ರಗಳ ಪ್ರದರ್ಶನವೊಂದನ್ನು ನೋಡಿ ಬಂದಿದ್ದರು. ಹಿಮದ ನಾಡಿನವರು ಫ್ರಾನ್ಸು ಹಾಲೆಂಡುಗಳ ಮೃದುವಾದ ಬೆಳಕನ್ನು ಎರವಲು ತರಬೇಕಾಗಿಲ್ಲ, ತಮ್ಮ ನೆಲದ ಕಟುವಾದ ಬೆಳಕನ್ನೇ ನಂಬಿ ಬರೆಯಬಹುದು ಎಂಬ ಧೈರ್ಯ ಅವರಿಗೆ ಅಲ್ಲಿ ದೊರೆಯಿತು.

ಚಿತ್ರಶಾಲೆಯ ಹೊರಗೆ, ಮರಗಳ ನಡುವೆ, ಥಾಮ್ಸನ್ನನು ತಿಂಗಳಿಗೆ 1 ಡಾಲರಿನ ಬಾಡಿಗೆಗೆ ಹಿಡಿದಿದ್ದ ಹಲಗೆಗೋಡೆಯ ಗುಡಿಸಲನ್ನು ಇರಿಸಿದ್ದಾರೆ. 1962ರಲ್ಲಿ ಟೊರಾಂಟೋದಿಂದ ಅದನ್ನು ಇಲ್ಲಿಗೆ ಸಾಗಿಸಿ ತಂದರಂತೆ. ವಸಂತದ ಆರಂಭದಲ್ಲಿ, ಹಿಮ ಇನ್ನೂ ಕರಗದಿರುವಾಗಲೇ ಅರಣ್ಯಕ್ಕೆ ಹೊರಟು, ಶರತ್ಕಾಲದ ಮೊದಲ ಹಿಮ ಬಿದ್ದ ಮೇಲೆ ಹಿಂದಿರುಗಿ, ಘೋರವಾದ ಚಳಿಯ ತಿಂಗಳುಗಳಲ್ಲಿ ಈ ಗುಡಿಸಲಿನೊಳಗೆ ಕುಳಿತು ಹಲಗೆಯ ಚಿತ್ರಗಳನ್ನು ನೋಡಿಕೊಂಡು ದೊಡ್ಡ ಕ್ಯಾನ್ವಾಸುಗಳನ್ನು ರಚಿಸುವುದು ಆತನ ಕ್ರಮವಾಗಿತ್ತು. ಆದುದರಿಂದ ಆತನ ಹಿಮ ಬಹುಮಟ್ಟಿಗೆ ಬರುವ ಹಿಮ ಇಲ್ಲವೇ ಹೋಗುವ ಹಿಮ. ನೆಲದ ಕಂದು ಬಣ್ಣ ಅದರೊಳಗಿಂದ ಇಣುಕುತ್ತಲೇ ಇರುತ್ತದೆ.

ಆ ಹಲಗೆಗಳನ್ನು ಕಂಡ ಮೇಲೆ ಅವು ಹುಟ್ಟಿದ ಸ್ಥಳವನ್ನು ಕಾಣದೆ ಊರಿಗೆ ಮರಳುವುದು ಅಸಾಧ್ಯವೆನಿಸಿತು. ನನ್ನ ಬಣ್ಣದ ಪೆಟ್ಟಿಗೆ ಮೈಸೂರಿನಿಂದ ನನ್ನ ಜೊತೆಯಲ್ಲಿಯೇ ಬಂದಿತ್ತು. ಟರ್ಪೆಂಟೈನನ್ನು ವಿಮಾನದಲ್ಲಿ ತರುವಂತಿಲ್ಲವಾಗಿ ಅದನ್ನು ಮಾತ್ರ ಟೊರಾಂಟೋದ ಅಂಗಡಿಯೊಂದರಲ್ಲಿ ಕೊಂಡೆವು. ವಾರದ ಕೊನೆಯ ರಜೆಯಲ್ಲಿ ಮಗಳು ತಾನೇ ಕಾರು ನಡೆಸಿಕೊಂಡು ಹೊರಟಳು. ಉತ್ತರಕ್ಕೆ ಹೋದಂತೆಲ್ಲ ಹೊಲಗದ್ದೆಗಳು ಹಿಂದೆ ಉಳಿದು, ಗುಲಾಬಿ ಮತ್ತು ಬೂದು ಬಣ್ಣದ ಕಲ್ಲನ್ನು ಸೀಳಿ ಮಾಡಿದ ರಸ್ತೆ, ಅದರ ಎರಡು ಬದಿಗೂ ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡು ಎದುರಾಗುತ್ತವೆ. ರಾತ್ರಿ ಹಂಟ್ಸ್‌ವಿಲ್ ಎಂಬ ಪಟ್ಟಣದಲ್ಲಿ ತಂಗಿ, ಬೆಳಗಾಗುತ್ತಲೇ 60ನೆಯ ಹೆದ್ದಾರಿಯನ್ನು ಹಿಡಿದು ಅಲ್ಗಾಂಕ್ವಿನ್ ಅರಣ್ಯವನ್ನು ಹೊಕ್ಕೆವು. 1893ರಲ್ಲಿ ಸಂರಕ್ಷಿತವೆಂದು ಘೋಷಿಸಲ್ಪಟ್ಟ ಈ ಅರಣ್ಯದ ವಿಸ್ತಾರ 7,600 ಚದರ ಕಿಲೋಮೀಟರಿಗೂ ಮಿಗಿಲು. ಅದರ ದಕ್ಷಿಣದ ಅಂಚನ್ನು ಹಾಯುವ ಈ ಒಂದು ರಸ್ತೆ ಮಾತ್ರ ಚಳಿಗಾಲದಲ್ಲಿಯೂ ಪ್ರಯಾಣಿಕರಿಗೆ ತೆರೆದಿರುತ್ತದೆ.

ಅಲ್ಲಿಯ ಸರೋವರವೊಂದರ ತೀರದಲ್ಲಿ ನಿಂತಾಗ ನನ್ನ ಕಣ್ಣಿಗೆ ಮೊಟ್ಟಮೊದಲು ತಿಳಿದುದು, ನಮ್ಮ ನಾಡಿನ ನಿಸರ್ಗದಲ್ಲಿ ನಾನು ಕಲಿತಿದ್ದ ಬೆಳಕಿನ ವ್ಯವಸ್ಥೆಯೇ ಇಲ್ಲಿ ತಲೆಕೆಳಗಾಗಿದೆಯೆಂಬುದು. ಮೈಸೂರಿನ ಸುತ್ತಣ ಬಯಲನ್ನು ಬರೆಯುವವನಿಗೆ ಆಕಾಶವೇ ಎಲ್ಲಕ್ಕಿಂತ ಹೊಳಪಾದುದು, ನೆಲ ಅದಕ್ಕಿಂತ ಕಪ್ಪು, ನಿಂತ ಮರಗಳು ನೆಲಕ್ಕಿಂತಲೂ ಕಪ್ಪು. ಈ ಶ್ರೇಣಿಯನ್ನು ಕೆಡಿಸದೆ ಇಟ್ಟುಕೊಂಡರೆ ಚಿತ್ರ ಅರ್ಧ ಸಿದ್ಧವಾದಂತೆಯೇ. ಇಲ್ಲಿಯಾದರೋ ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಿಂದ 90 ಭಾಗವನ್ನು ಹಿಂದಿರುಗಿಸಿಬಿಡುತ್ತದೆ. ನಿರ್ಮಲವಾದ ಹಗಲಿನಲ್ಲಿ ಬಿಸಿಲು ಬಿದ್ದ ಹಿಮದ ಮುಂದೆ ನೀಲಿ ಆಕಾಶ ಸ್ಪಷ್ಟವಾಗಿ ಕಪ್ಪಾಗಿಯೇ ಕಾಣುತ್ತದೆ. ಮೋಡ ಮುಸುಕಿದ ದಿನ ಸಂಗತಿ ಇನ್ನೂ ಸೂಕ್ಷ್ಮವಾದದ್ದು: ಮೋಡದ ಹೊದಿಕೆ ನೆತ್ತಿಯ ಮೇಲೆ ಇರುವಷ್ಟು ಪ್ರಕಾಶವಾಗಿ ದಿಗಂತದ ಬಳಿ ಇರುವುದಿಲ್ಲ, ಅಲ್ಲಿಯ ಪ್ರಕಾಶ ನೆತ್ತಿಯ ಪ್ರಕಾಶದ ಮೂರನೆಯ ಒಂದು ಪಾಲಿನಷ್ಟು ಮಾತ್ರ, ಹಿಮವಾದರೋ ಇಡೀ ಆಕಾಶದ ಬೆಳಕನ್ನು ತನ್ನ ಮೇಲೆ ಬರಿಸಿಕೊಳ್ಳುವುದರಿಂದ, ದೂರದ ಮರಗಳ ಹಿಂದಿನ ಆ ಆಕಾಶದ ಪಟ್ಟಿಗಿಂತ ಮುಂದಿನ ನೆಲವೇ ಬೆಳ್ಳಗಿರುತ್ತದೆ. ಬುದ್ಧಿ ಇದನ್ನು ಸುಲಭವಾಗಿ ಒಪ್ಪಲಾರದು. ಆಕಾಶ ಬೆಳಕಿನ ಮೂಲವಾದ ಮೇಲೆ ಅದೇ ಹೊಳಪಾಗಿರಬೇಕಲ್ಲವೇ ಎಂದು ತರ್ಕಿಸುತ್ತದೆ. ಕಣ್ಣನ್ನು ಅರೆಮುಚ್ಚಿ ಎರಡನ್ನೂ ಒಟ್ಟಿಗೆ ನೋಡಿದರೆ ತರ್ಕ ಸುಮ್ಮನಾಗುತ್ತದೆ. ಥಾಮ್ಸನ್ನನ ಹಲಗೆಗಳಲ್ಲಿ ಆಗಸ ಅಷ್ಟೊಂದು ಸಾರಿ ಸೀಸದ ಬೂದುಬಣ್ಣಕ್ಕೆ ಏಕೆ ತಿರುಗಿದೆಯೆಂಬುದು ಆ ತೀರದಲ್ಲಿ ನನಗೆ ಅರ್ಥವಾಯಿತು.

ಇನ್ನು ಹಲಗೆಯ ವಿಷಯ. ಬಿಳಿಯ ಅಸ್ತರಿನ ಮೇಲೆ ಹಿಮವನ್ನು ಬರೆಯಹೊರಟವನಿಗೆ ತಾನಿಟ್ಟ ಬಣ್ಣದ ತೂಕ ತಿಳಿಯುವುದೇ ಇಲ್ಲ. ಏನಿಟ್ಟರೂ ಕಪ್ಪಾಗಿ ತೋರುವುದರಿಂದ ಕೈ ಹಿಂಜರಿದು, ಚಿತ್ರವೆಲ್ಲ ಸುಣ್ಣ ಬಳಿದ ಗೋಡೆಯಂತೆ ಸಪ್ಪೆಯಾಗುತ್ತದೆ. ಆದುದರಿಂದ ಹಲಗೆಯ ಮೇಲೆ ಮೊದಲೇ ಕಾವಿ ಅಥವಾ ಬರ್ಂಟ್ ಸಿಯೆನ್ನಾದ ತೆಳುವಾದ ಪದರವೊಂದನ್ನು ಹಚ್ಚಿ ಒಣಗಿಸಿಕೊಂಡಿರಬೇಕು. ಥಾಮ್ಸನ್ನನೂ ಅವನ ಗೆಳೆಯರೂ ಎಷ್ಟೋ ವೇಳೆ ಮರದ ಸಹಜವಾದ ಕಂದು ಬಣ್ಣವನ್ನೇ ಈ ಕಾರ್ಯಕ್ಕೆ ಬಳಸಿಕೊಂಡು, ಕುಂಚದ ಒಂದು ಸ್ಪರ್ಶಕ್ಕೂ ಇನ್ನೊಂದಕ್ಕೂ ನಡುವೆ ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಆ ಬೆಚ್ಚಗಿನ ನೆಲದ ಮೇಲೆ ಮೊದಲ ನೀಲಿ ಇಟ್ಟೊಡನೆ ಅದು ಚಳಿಯಾಗುತ್ತದೆ, ಮೊದಲ ಬಿಳಿ ಇಟ್ಟೊಡನೆ ಅದು ಬೆಳಕಾಗುತ್ತದೆ. ಚಿತ್ರ ಮುಗಿದ ಮೇಲೂ ಅಲ್ಲಲ್ಲಿ ಉಳಿದ ಕಾವಿಯ ಗೆರೆಗಳು ಹಿಮದ ಕೆಳಗೆ ಜೀವಂತವಾದ ಮಣ್ಣಿದೆಯೆಂಬುದನ್ನು ಹೇಳುತ್ತಿರುತ್ತವೆ.

ನಮ್ಮಲ್ಲಿ ಕೆ. ವೆಂಕಟಪ್ಪನವರು ಉದಕಮಂಡಲದ ಮಂಜನ್ನೂ ಮೋಡವನ್ನೂ ಜಲವರ್ಣದಲ್ಲಿ ಬರೆದುದನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾಶಾಲೆಯಲ್ಲಿ ನೋಡಿದವರಿಗೆ, ಬಿಳಿಯನ್ನು ಕಾಣುವ ಇನ್ನೊಂದು ಮಾರ್ಗ ಪರಿಚಿತವಾಗಿಯೇ ಇದೆ. ಜಲವರ್ಣದಲ್ಲಿ ಬಿಳಿ ಎಂದರೆ ಚಿತ್ರಕಾರನು ಮುಟ್ಟದೆ ಬಿಟ್ಟ ಕಾಗದ, ಅವನ ಸಂಯಮದ ಫಲ. ತೈಲದಲ್ಲಿ ಅದು ಕಟ್ಟಬೇಕಾದದ್ದು. ಹಿಮವು ಭೂಮಿಯ ಮೇಲೆ ಬಿದ್ದಂತೆಯೇ ಬಣ್ಣವೂ ಎಲ್ಲದರ ಮೇಲೆ ಕೊನೆಗೆ ಬಂದು ಕೂರಬೇಕು. ಈ ಕಾರಣದಿಂದಲೇ, ಇಷ್ಟು ಚಳಿಯ ನಾಡಿನಲ್ಲಿ ತೈಲವೇ ಹಿಮಕ್ಕೆ ಸಹಜವಾದ ಮಾಧ್ಯಮವೆಂದು ನನಗೆ ತೋರುತ್ತದೆ. ವ್ಯಾವಹಾರಿಕವಾದ ಕಾರಣವೂ ಉಂಟು: ನೀರು ಕಾಗದದ ಮೇಲೆಯೇ ಹೆಪ್ಪುಗಟ್ಟಿ ಹರಳಾಗಿಬಿಡುವ ಚಳಿಯಲ್ಲಿ ಟರ್ಪೆಂಟೈನು ದ್ರವವಾಗಿಯೇ ಉಳಿಯುತ್ತದೆ, ಅಗಸೆಯೆಣ್ಣೆ ಮಾತ್ರ ಮಂದವಾಗುತ್ತದೆ. ನಾವು ಹೋದ ಬೆಳಗ್ಗೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿತ್ತು. ಬಣ್ಣದ ಟ್ಯೂಬುಗಳನ್ನು ಮೇಲಂಗಿಯ ಒಳಜೇಬಿನಲ್ಲಿ, ಮೈಶಾಖಕ್ಕೆ ತಾಗುವಂತೆ ಇಟ್ಟುಕೊಂಡಿದ್ದೆ. ವರ್ಣಫಲಕದ ಮೇಲೆ ಹಿಂಡಿದ ಬಿಳಿ ನೋಡುನೋಡುತ್ತಿದ್ದಂತೆ ಗಟ್ಟಿಯಾಗತೊಡಗಿತು. ಮೃದುವಾದ ಕೂದಲಿನ ಕುಂಚ ಅದನ್ನು ಕದಲಿಸಲಾರದು. ಹಂದಿಕೂದಲಿನ ಚಪ್ಪಟೆ ಕುಂಚವೇ ಬೇಕು. ಬಲಗೈಗೆ ಉಣ್ಣೆಯ ಕಾಲುಚೀಲವೊಂದನ್ನು ತೊಡಿಸಿ, ಅದರ ತುದಿಯಲ್ಲಿ ಕುಂಚದ ಹಿಡಿಯನ್ನು ತೂರಿಸಿ ಒಳಗಿನಿಂದ ಹಿಡಿಯುವುದು ಆ ದೇಶದ ಚಿತ್ರಕಾರರ ರೂಢಿ. ಕಾಲಿನ ಕೆಳಗೆ ದಪ್ಪ ರಟ್ಟನ್ನು ಹಾಸಿಕೊಳ್ಳುವುದು ಇನ್ನೊಂದು. ಹಲಗೆಯ ಮೇಲೆ ಬಿಸಿಲು ನೇರವಾಗಿ ಬೀಳದಂತೆ ಪೆಟ್ಟಿಗೆಯನ್ನು ತಿರುಗಿಸಿ ನಿಲ್ಲಬೇಕು. ಇಲ್ಲವಾದರೆ ಆ ಪ್ರಭೆಯಲ್ಲಿ ಬೆಳ್ಳಗೆ ಕಂಡ ಚಿತ್ರ ಮನೆಯೊಳಗೆ ತಂದೊಡನೆ ಕಪ್ಪಾಗಿ ಕಾಣುತ್ತದೆ.

ಮಗಳು ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ನಿಂತಿದ್ದು, “ದೊಡ್ಡಪ್ಪ, ಕಾರಿನೊಳಗೇ ಕೂತ್ಕೊಂಡು ಬರೀಬಹುದಲ್ಲ? ಹೀಟರ್ ಹಾಕಿರ್ತೀನಿ, ಗಾಜಿನಿಂದ ಎಲ್ಲ ಚೆನ್ನಾಗಿ ಕಾಣತ್ತೆ” ಎಂದಳು.

“ಕಾಣೋದೇನೋ ಕಾಣತ್ತಮ್ಮಾ, ಆದರೆ ಬೆಚ್ಚಗೆ ಕೂತರೆ ಕೊಂಬೆ ಕೊಂಬೆನೂ ಬರೆಯೋಣ ಅನ್ನಿಸಿಬಿಡತ್ತೆ. ನೀನು ಒಳಗಿರು, ನೆರಳು ಆ ಬಂಡೆ ಮುಟ್ಟೋಹೊತ್ತಿಗೆ ಬಂದುಬಿಡ್ತೀನಿ” ಎಂದೆ.

ನೆರಳಿನ ಮಾತು ಬಂದುದರಿಂದ ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಹಿಮದ ಚಿತ್ರದಲ್ಲಿ ನೆರಳೇ ರೇಖೆ, ನೆರಳೇ ಆಕಾರ. ಆ ಅಕ್ಷಾಂಶದಲ್ಲಿ ಫೆಬ್ರವರಿ ಕೊನೆಯ ವಾರಗಳಲ್ಲಿ ಸೂರ್ಯನು ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 34 ಡಿಗ್ರಿಗಳಷ್ಟು ಮಾತ್ರ ಏರುತ್ತಾನೆ. ಮರದ ನೆರಳು ಮಧ್ಯಾಹ್ನದಲ್ಲಿಯೂ ಮರದ ಒಂದೂವರೆ ಪಾಲು ಉದ್ದವಾಗಿರುತ್ತದೆ. ಅದೇ ದಿನ ಮೈಸೂರಿನಲ್ಲಿ ಮರದ ನೆರಳು ಮರದ ಅರ್ಧದಷ್ಟೂ ಇರದು. ಹಿಮದ ದಿಬ್ಬಕ್ಕೆ ತನ್ನದೆಂದು ಹೇಳಿಕೊಳ್ಳಲು ಒಂದು ಗೆರೆಯೂ ಇಲ್ಲದಿರುವಾಗ, ಅದರ ಮೇಲೆ ಹತ್ತಿ ಇಳಿದು ಬಾಗಿ ಹೋಗುವ ಈ ನೀಳವಾದ ನೆರಳುಗಳೇ ನೆಲದ ಉಬ್ಬುತಗ್ಗುಗಳನ್ನು ಬರೆದು ತೋರಿಸುತ್ತವೆ. ಅವು ನೀಲಿಯಾಗಿರುವುದೇಕೆಂದರೆ, ಸೂರ್ಯನ ನೇರವಾದ ಕಿರಣ ತಡೆಯಲ್ಪಟ್ಟ ಆ ಭಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ; ತನ್ನದೆಂಬ ಬಣ್ಣವಿಲ್ಲದ ಹಿಮ ಬಂದುದನ್ನು ಬಂದಂತೆಯೇ ಹಿಂದಕ್ಕೆ ಕೊಡುತ್ತದೆ. ಮೋಡವೊಂದು ಕವಿದರೆ ಆ ನೀಲಿ ಮಾಯವಾಗುತ್ತದೆ. ಹೆಜ್ಜೆ ಹೂತ ಗುಳಿಗಳೊಳಗಿನ ನೀಲಿಗೆ ಮಾತ್ರ ಬೇರೆಯದೂ ಒಂದು ಕಾರಣವುಂಟು: ಹಿಮದ ಹರಳುಗಳ ನಡುವೆ ದೂರ ಸಾಗಿ ಬಂದ ಬೆಳಕಿನಲ್ಲಿ ಕೆಂಪಿನ ಅಂಶ ಹೀರಿಹೋಗಿರುತ್ತದೆ, ಆದುದರಿಂದ ಅದು ಮೋಡದ ದಿನದಲ್ಲಿಯೂ ಕೊಂಚ ಉಳಿದಿರುತ್ತದೆ. ಇಷ್ಟನ್ನು ಓದಿ ತಿಳಿದವನು ಅಲ್ಟ್ರಾಮರೀನನ್ನು ಬಿಳಿಯೊಡನೆ ಕಲಸಿ ಎಲ್ಲ ನೆರಳನ್ನೂ ಒಂದೇ ಬಗೆಯಾಗಿ ಬಳಿದರೆ ಹಿಮ ಬಣ್ಣದ ಬಟ್ಟೆಯಂತಾಗುತ್ತದೆ. ಪೈನ್ ಮರದ ಬುಡದಲ್ಲಿ ಆ ನೀಲಿಗೆ ಹಸುರಿನ ಛಾಯೆ ಸೇರಿರುತ್ತದೆ. ಬಿಸಿಲು ಬಿದ್ದ ದಿಬ್ಬದ ಎದುರಿಗೆ ಅದು ತಿಳಿನೇರಳೆಗೆ ಹೊರಳುತ್ತದೆ. ಒಂದಿಷ್ಟು ಬರ್ಂಟ್ ಸಿಯೆನ್ನಾ ಬೆರೆತ ಅಲ್ಟ್ರಾಮರೀನು ಬರಿಯ ನೀಲಿಗಿಂತ ಹೆಚ್ಚು ಸತ್ಯವಾದುದು.

ನೆರಳಿನ ಅಂಚು ಕೂಡ ಉದ್ದಕ್ಕೂ ಒಂದೇ ಸಮನಲ್ಲ. ಸೂರ್ಯನು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದುದರಿಂದ ನೆರಳು ತನ್ನ ಮೂಲದಿಂದ ದೂರ ಸರಿದಂತೆಲ್ಲ ಅದರ ಅಂಚು ಕದಡುತ್ತ ಹೋಗುತ್ತದೆ. ಹತ್ತು ಮೀಟರು ದೂರದಿಂದ ಬಿದ್ದ ಕೊಂಬೆಯ ನೆರಳಿಗೆ ಸುಮಾರು 9 ಸೆಂಟಿಮೀಟರಿನಷ್ಟು ಮಸುಕಾದ ಅಂಚಿರುವುದರಿಂದ, ಮರದ ತುದಿಯ ಸಣ್ಣ ರೆಂಬೆಗಳ ನೆರಳು ನೆಲದ ಮೇಲೆ ಬೇರೆಯಾಗಿ ಕಾಣುವುದೇ ಇಲ್ಲ. ಬುಡದ ಬಳಿ ಕುಂಚದ ಅಂಚಿನಿಂದ ಹರಿತವಾಗಿ ಎಳೆದ ಗೆರೆ, ತುದಿಗೆ ಹೋಗುತ್ತ ಪಕ್ಕದ ಬಿಳಿಯೊಡನೆ ಕರಗಿಹೋಗಬೇಕು. ಇಷ್ಟೊಂದು ಸಣ್ಣ ಹಲಗೆಯಲ್ಲಿ ದೂರವನ್ನು ತೋರಿಸುವುದಕ್ಕೆ ಇದಕ್ಕಿಂತ ನಿಷ್ಠೆಯಾದ ಉಪಾಯವನ್ನು ನಾನು ಕಾಣೆ. ಗಂಟೆಗೆ 15 ಡಿಗ್ರಿಯಂತೆ ಸೂರ್ಯ ಸರಿಯುತ್ತಿರುವುದರಿಂದ, ನೆರಳುಗಳನ್ನು ಮೊದಲ ಹತ್ತು ನಿಮಿಷದೊಳಗೆ ಗುರುತಿಸಿ, ಅನಂತರ ಅವು ಎಲ್ಲಿಗೆ ಹೋದರೂ ಹಿಂಬಾಲಿಸದೆ ಬಿಡಬೇಕು.

ಬಣ್ಣವಿಡುವ ಕ್ರಮ ಹೀಗೆ: ಮೊದಲು ಕಾಡಿನ ಕಪ್ಪು ರಾಶಿ, ತೆಳುವಾಗಿ, ಬಳಿಕ ಆಕಾಶ, ಬಳಿಕ ನೆರಳಿನ ಹಿಮ, ಎಲ್ಲಕ್ಕೂ ಕಡೆಗೆ, ದಪ್ಪವಾಗಿ, ಬಿಸಿಲಿನ ಹಿಮ. ಹಸಿಯಾದ ಬಿಳಿಯ ಮೇಲೆ ಕಪ್ಪು ಮರವನ್ನು ಬರೆಯಹೋದರೆ ಎರಡೂ ಕಲಸಿ ಬೂದಿಯಾಗುತ್ತದೆ; ಕಪ್ಪಿನ ಮೇಲೆ ಬಿಳಿಯನ್ನು ತಂದು ಮರದ ಮಗ್ಗುಲಿಗೆ ಒತ್ತಿದರೆ ಮರ ತಾನೇ ಕಡೆದಂತೆ ಎದ್ದು ನಿಲ್ಲುತ್ತದೆ. ಬಿಸಿಲಿನ ಹಿಮವೂ ಬರಿಯ ಬಿಳಿಯಲ್ಲ. ಬಿಳಿ ಬಣ್ಣ ಸ್ವಭಾವತಃ ತಣ್ಣಗಿನದಾದುದರಿಂದ ಕೊಂಚ ಯೆಲ್ಲೋ ಓಕರನ್ನೋ, ಇಳಿಬಿಸಿಲಿನಲ್ಲಾದರೆ ರೋಸ್ ಮ್ಯಾಡರಿನ ಲೇಶವನ್ನೋ ಬೆರೆಸಬೇಕು. ಹಳಬರು ಬಳಸುತ್ತಿದ್ದ ಸೀಸದ ಬಿಳಿ ವಿಷವಾದರೂ ಬೆಚ್ಚನೆಯ ಛಾಯೆಯುಳ್ಳದ್ದು, ಒಣಗಿದ ಮೇಲೆ ಗಟ್ಟಿಯಾದ ಪದರವಾಗುವಂಥದು. ಈಗಿನ ಟೈಟಾನಿಯಂ ಬಿಳಿಯಾದರೋ ಹೆಚ್ಚು ಪ್ರಖರ, ಜೊತೆಗಿಟ್ಟ ಬಣ್ಣಗಳನ್ನೆಲ್ಲ ನುಂಗುವ ಶಕ್ತಿಯುಳ್ಳದ್ದು. ಅದನ್ನು ಬಳಸುವವನು ಬಹಳ ಜಿಪುಣನಾಗಿರಬೇಕು. ಟ್ಯೂಬಿನಿಂದ ತೆಗೆದ ಅಪ್ಪಟ ಬಿಳಿಗೆ ಇಡೀ ಚಿತ್ರದಲ್ಲಿ ಸ್ಥಳವಿರುವುದು ಎರಡು ಮೂರು ಕಡೆ ಮಾತ್ರ.

ಕುಂಚವನ್ನು ಒರಸಿ ಪೆಟ್ಟಿಗೆಯನ್ನು ಮುಚ್ಚುವ ಹೊತ್ತಿಗೆ ನೆರಳು ಬಂಡೆಯನ್ನು ಮುಟ್ಟಿತ್ತು, ಬೆರಳುಗಳಿಗೆ ಸ್ಪರ್ಶವಿರಲಿಲ್ಲ, ಫಲಕದ ಮೇಲಿನ ಬಣ್ಣ ಕುಂಚಕ್ಕೆ ಬಗ್ಗುತ್ತಿರಲಿಲ್ಲ. ಈ ಮೂರೂ ಒಟ್ಟಿಗೆ ಮುಗಿದುದನ್ನು ಕಂಡಾಗ, ಮೆಕ್‌ಮೈಕಲ್ಲಿನ ಗೋಡೆಯ ಮುಂದೆ ನನ್ನಲ್ಲಿ ಮೂಡಿದ್ದ ಪ್ರಶ್ನೆಯೊಂದಕ್ಕೆ ಉತ್ತರ ದೊರೆಯಿತು. ಆ ಹಲಗೆಗಳ ಅಳತೆಯನ್ನು ನಿಶ್ಚಯಿಸಿದುದು ಪೆಟ್ಟಿಗೆಯ ಅನುಕೂಲವೊಂದೇ ಅಲ್ಲ, ಚಳಿಗಾಲವೂ ಕೂಡ. ದೇಹ ತಾಳಬಲ್ಲ ಹೊತ್ತು, ಎಣ್ಣೆ ಬಾಗಬಲ್ಲ ಹೊತ್ತು, ಬೆಳಕು ಒಂದೇ ಬೆಳಕಾಗಿ ನಿಲ್ಲಬಲ್ಲ ಹೊತ್ತು, ಇವು ಮೂರೂ ಹೆಚ್ಚುಕಡಮೆ ಒಂದೇ. ಆ ಹೊತ್ತಿನಲ್ಲಿ ದಪ್ಪ ಕುಂಚದಿಂದ ತುಂಬಬಹುದಾದ ಸ್ಥಳ 8½ ಅಂಗುಲಕ್ಕೆ 10½ ಅಂಗುಲ. ಇದನ್ನು ದೊಡ್ಡ ಚಿತ್ರವೊಂದರ ಕಿರಿಯ ಪ್ರತಿಯೆಂದೋ, ಮುಂದಿನ ಕೃತಿಗೆ ಕರಡೆಂದೋ ತಿಳಿಯುವುದು ಸರಿಯಲ್ಲ. ಒಟ್ಟಾವಾ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿರುವ ಥಾಮ್ಸನ್ನನ ‘ದಿ ಜ್ಯಾಕ್ ಪೈನ್’ ಸುಮಾರು 128 ಸೆಂಟಿಮೀಟರು ಎತ್ತರ, 140 ಸೆಂಟಿಮೀಟರು ಅಗಲದ ಕ್ಯಾನ್ವಾಸು. ಆತನ ಬದುಕಿನ ಕೊನೆಯ ಚಳಿಗಾಲದಲ್ಲಿ ಆ ಗುಡಿಸಲಿನೊಳಗೆ ರಚಿತವಾದದ್ದು. ಆಕಾಶ ಮತ್ತು ಸರೋವರಗಳ ಮೇಲೆ ಅಡ್ಡಡ್ಡಲಾಗಿ ಹಾಸಿದ ಅದರ ಬಣ್ಣದ ಪಟ್ಟಿಗಳಿಗೆ ದೇವಾಲಯದ ಗಾಂಭೀರ್ಯವಿದೆ. ಅದು ಮಹಾಕೃತಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಅಲ್ಲಿ ಗಾಳಿ ನಿಂತುಹೋಗಿದೆ. ಚಿತ್ರಕಾರನು ಯೋಚಿಸಿದ್ದಾನೆ, ಜೋಡಿಸಿದ್ದಾನೆ. ಹಲಗೆಯಲ್ಲಿ ಅವನು ನೋಡುತ್ತಿದ್ದಾನೆ. ಎರಡರಲ್ಲಿ ಒಂದನ್ನು ಮಾತ್ರ ನೋಡಬಹುದೆಂದರೆ ನಾನು ಹಲಗೆಯನ್ನೇ ಆರಿಸುವೆನು.

ಹೋಟೆಲಿಗೆ ಹಿಂದಿರುಗುವ ದಾರಿಯಲ್ಲಿ ನನ್ನ ಮನಸ್ಸು ಜ್ಯಾಕ್ಸನ್ನನ ಕಡೆಗೆ ಹರಿಯಿತು. ಥಾಮ್ಸನ್ನನ ಹಿಮ ಕಾಡಿನದು, ಜ್ಯಾಕ್ಸನ್ನನದು ಊರಿನದು. 1882ರಲ್ಲಿ ಹುಟ್ಟಿ 1974ರವರೆಗೆ ಬಾಳಿದ ಈತ ಚಳಿಗಾಲ ಮುಗಿಯುವ ಕಾಲಕ್ಕೆ ವರ್ಷವರ್ಷವೂ ಸೇಂಟ್ ಲಾರೆನ್ಸ್ ನದಿಯ ಇಕ್ಕೆಲಗಳ ಫ್ರೆಂಚ್ ಹಳ್ಳಿಗಳಿಗೆ ಹೋಗಿ, ಜಾರುಬಂಡಿಗಳ ಜಾಡುಬಿದ್ದ ರಸ್ತೆಗಳನ್ನೂ ಹಳೆಯ ಕಣಜಗಳನ್ನೂ ಇದೇ ಅಳತೆಯ ಹಲಗೆಗಳ ಮೇಲೆ ಬರೆಯುತ್ತಿದ್ದನು. ಹಿಮಪಾದುಕೆ ತೊಟ್ಟು ಅಲೆಯುವ ಈತನಿಗೆ ಆ ಜನ ‘ಪೇರ್ ರಾಕೆಟ್’, ಎಂದರೆ ಹಿಮಪಾದುಕೆಯ ಅಪ್ಪಯ್ಯ, ಎಂದು ಹೆಸರಿಟ್ಟಿದ್ದರು. ಬಣ್ಣ ಕಲಸಲು ಆಗದಿರುವಲ್ಲಿ ಪೆನ್ಸಿಲಿನ ರೇಖೆಗಳ ನಡುವೆ ಬಣ್ಣದ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಆತನ ಅಭ್ಯಾಸ. 1927ರ ಚಳಿಗಾಲದ ಕೊನೆಯಲ್ಲಿ ಆತನ ಸಂಗಡ ಸೇಂಟ್ ಜಾನ್ ಪೋರ್ಟ್ ಜೋಲಿ ಎಂಬ ಹಳ್ಳಿಗೆ ಹೋಗಿ ಹಿಮದಲ್ಲಿ ನಿಂತು ಹಲಗೆಗಳನ್ನು ಬರೆದವರಲ್ಲಿ ಫ್ರೆಡರಿಕ್ ಬ್ಯಾಂಟಿಂಗರು ಒಬ್ಬರು. ಇನ್ಸುಲಿನ್ನಿನ ಶೋಧನೆಗಾಗಿ 1923ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವೈದ್ಯರು ಇವರೇ. ಲೋಕದ ಅಷ್ಟು ದೊಡ್ಡ ಗೌರವಕ್ಕೆ ಪಾತ್ರರಾದವರು ಮತ್ತೆ ಕಲಿಯುವವನಾಗಿ, ಇನ್ನೊಬ್ಬನ ಪಕ್ಕದಲ್ಲಿ, ಮರಗಟ್ಟಿದ ಕೈಯಿಂದ ಬೇಲಿಯೊಂದರ ನೆರಳನ್ನು ಹಿಡಿಯಲು ಹೆಣಗಿದುದನ್ನು ನೆನೆದರೆ ನನಗೆ ಅವರ ಮೇಲೆ ವಿಶೇಷವಾದ ಪ್ರೀತಿ ಹುಟ್ಟುತ್ತದೆ.

ಮಗಳು ಹಸಿಯಾದ ಹಲಗೆಯನ್ನು ಕೋಣೆಯ ಹೀಟರಿನ ಮುಂದಿಟ್ಟರೆ ಬೇಗ ಒಣಗುವುದೇ ಎಂದು ಕೇಳಿದಳು. ಕೊಂಚ ಬೇಗ ಒಣಗೀತು, ಆದರೆ ನೀರಿನ ಹಾಗಲ್ಲ. ಅಗಸೆಯೆಣ್ಣೆ ನೀರಿನಂತೆ ಆವಿಯಾಗಿ ಒಣಗುವಂಥದಲ್ಲ. ಗಾಳಿಯ ಆಮ್ಲಜನಕವನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುವಂಥದು. ಅದಕ್ಕೆ ಬೇಕಾದದ್ದು ಗಾಳಿ, ಬೆಳಕು ಮತ್ತು ಕಾಲ. ಕತ್ತಲಲ್ಲಿ ಮುಚ್ಚಿಟ್ಟರೆ ಬಿಳಿ ಹಳದಿಗೆ ತಿರುಗುತ್ತದೆ. ಹಲಗೆಗಳನ್ನು ಒಂದಕ್ಕೊಂದು ತಾಗದಂತೆ, ನಾಲ್ಕು ಮೂಲೆಗೂ ಬೆಂಕಿಕಡ್ಡಿಯ ಚೂರುಗಳನ್ನಿಟ್ಟು, ಪೆಟ್ಟಿಗೆಯ ತೋಡುಗಳಲ್ಲಿ ನಿಲ್ಲಿಸಿ ಟೊರಾಂಟೋಗೆ ತಂದೆವು. ಅಲ್ಲಿ ಅವಳ ಮನೆಯ ದಕ್ಷಿಣದ ಕಿಟಕಿಯ ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದೇನೆ. ತೆಳುವಾದ ಕಾಡಿನ ಭಾಗ ವಾರದೊಳಗೆ ಕೈಗೆ ಅಂಟದಂತಾಯಿತು. ದಪ್ಪವಾದ ಹಿಮಕ್ಕೆ ತಿಂಗಳುಗಳು ಬೇಕು, ವಾರ್ನಿಷು ಹಚ್ಚುವುದಕ್ಕೆ ಆರು ತಿಂಗಳಾದರೂ ಕಾಯಬೇಕು. ದೀಪಾವಳಿಗೆ ಊರಿಗೆ ಬರುವಾಗ ತಾನೇ ತರುವೆನೆಂದು ಹೇಳಿದ್ದಾಳೆ.